ತುಪ್ಪ, ಅರಿಶಿನ ಮತ್ತು ನನ್ನ ಪಿತ್ತಕೋಶ

ತುಪ್ಪ ಕಾಯಿಸುವ ವಾಸನೆ ಬಂದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಮದುವೆ ಮನೆಗಳಲ್ಲಿ ಹೋಳಿಗೆ ಬಡಿಸುವವರ ಹಿಂದೆಯೇ ತುಪ್ಪದ ಪಾತ್ರೆ ಹಿಡಿದವರು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತೇನೆ. "ಏನ್ರೀ, ಡಯಟ್ಟಾ?" ಎಂದು ಪಕ್ಕದವರು ಕೇಳುತ್ತಾರೆ. ಹೌದೆಂದು ಸುಮ್ಮನಾಗುತ್ತೇನೆ. ಊಟಕ್ಕೆ ಕೂತವರ ಮುಂದೆ ಹೇಳುವಂಥ ಕಥೆ ಇದಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದುವವರು ತಟ್ಟೆ ಖಾಲಿ ಮಾಡಿಯೇ ಓದುವುದು ಒಳ್ಳೆಯದು.

ನನ್ನ ಮಗಳಿಗೆ ಈಗ ಎರಡು ತುಂಬಿದೆ. ನಾನು ಗುಣವಾಗಿದ್ದೇನೆ, ಮತ್ತೆ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೇನೆ. ಆದರೂ ತಲೆಗೆ ಬಟ್ಟೆ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ಯಾರಾದರೂ ಕದ್ದು ಫೋನ್ ನೋಡುತ್ತಿದ್ದರೆ ಅವರಿಗೆ ಇದು ಸಿಗಲಿ ಎಂಬ ಆಸೆ. ನಿಮಗೆ ಬರುತ್ತಿರುವ ವಾಕರಿಕೆ ಕೊಬ್ಬಲ್ಲ, ಸೊಕ್ಕಲ್ಲ. ನನಗಂತೂ ಅದನ್ನು ಯಾರೂ ಹೇಳಲಿಲ್ಲ.

ನಾವು ಗದಗದ ಕಡೆಯವರು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು, ಹಾಗಾಗಿ ನಾನು ಬೆಳೆದದ್ದು ನಾಗಸಂದ್ರದಲ್ಲಿ. ನನ್ನ ಗಂಡ ಲೋಕೇಶನ ಮನೆಯವರು ಅಲ್ಲಾಳಸಂದ್ರದ ಹಳೇ ಒಕ್ಕಲು. ಅವರ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ, ಲೋಕೇಶ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು ಎನ್ನುವುದು ಎರಡೂ ಕಡೆಯ ರೂಢಿ. ಆದರೆ ನಮ್ಮ ಅಪ್ಪನ ಮನೆ ಮೂರನೇ ಮಹಡಿಯಲ್ಲಿದೆ, ಬೇಸಿಗೆ ಬಂದರೆ ಟ್ಯಾಂಕರ್ ನೀರೇ ಗತಿ. ಬಾಣಂತಿಯ ಸ್ನಾನಕ್ಕೋ ಹಂಡೆಗಟ್ಟಲೆ ನೀರು ಬೇಕು. ಅತ್ತೆಯ ಮನೆಯಲ್ಲಿ ಬೋರ್‌ವೆಲ್ ಇತ್ತು, ಹಿತ್ತಲಿನಲ್ಲಿ ಸೌದೆ ಉರಿಸುವ ಬಚ್ಚಲು ಇನ್ನೂ ಹಾಗೇ ಇತ್ತು. ಕೊನೆಗೆ ಹಿರಿಯರು ರಾಜಿಯಾದರು: ಬಾಣಂತನ ಅತ್ತೆ ಮನೆಯಲ್ಲಿ, ಅವ್ವ ಅಲ್ಲಿಗೇ ಬಂದು ಇರುವುದು. ಇಬ್ಬರು ಪಂಡಿತರ ಕೈಗೆ ಒಂದೇ ಹೊಟ್ಟೆ ಸಿಕ್ಕಿತು.

ಹೆರಿಗೆ ಸುಸೂತ್ರವಾಗಿ ಆಯಿತು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ಅತ್ತೆಯ ಪದ್ಧತಿಯಲ್ಲಿ ಬೆಳಗ್ಗೆ ಎದ್ದ ಕೂಡಲೇ ತುಪ್ಪದಲ್ಲಿ ಕಪ್ಪಗೆ ಹುರಿದ ಬೆಳ್ಳುಳ್ಳಿ, ಆಮೇಲೆ ಲೇಹ್ಯ, ಆಮೇಲೆ ಬಿಸಿ ಅನ್ನ, ಮೆಣಸಿನ ಸಾರು, ಅನ್ನ ಮುಳುಗುವಷ್ಟು ತುಪ್ಪ. ಅವ್ವನ ಪದ್ಧತಿಯಲ್ಲಿ ಅಂಟಿನ ಉಂಡಿ, ಅಂದರೆ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ ಎಲ್ಲವನ್ನೂ ತುಪ್ಪದಲ್ಲಿ ಹುರಿದು ಬೆಲ್ಲದ ಪಾಕಕ್ಕೆ ಹಾಕಿ ಕಟ್ಟಿದ್ದು. ಅದರ ಜೊತೆಗೆ ಅಳವಿ ಬೀಜದ ಪಾಯಸ, ಅದರ ಮೇಲೂ ತುಪ್ಪ. ಅತ್ತೆ ಕೊಟ್ಟದ್ದನ್ನು ತಿಂದು ಅವ್ವನದನ್ನು ಬಿಟ್ಟರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ಅವ್ವನದನ್ನು ತಿಂದು ಅತ್ತೆಯದನ್ನು ಬಿಟ್ಟರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗುತ್ತಿತ್ತು. ನಾನು ಎರಡನ್ನೂ ತಿಂದೆ.

ಸಾಕು ಎಂದರೆ ಇಬ್ಬರ ಹತ್ತಿರವೂ ಒಂದೇ ಉತ್ತರ.

"ಆಲು ಎಂಗ್ ಬತ್ತದೆ ಮಗಾ ನೀನ್ ಇಂಗ್ ಉಂಡ್ರೆ? ಬಾಣಂತಿ ಒಟ್ಟೆ ಕಾಲಿ ಬಿಡ್ಬಾರ್ದು," ಎನ್ನುತ್ತಿದ್ದರು ಅತ್ತೆ.

"ಇನ್ನೊಂದ ಉಂಡಿ ತಿನ್ನವಾ. ನೀ ತಿಂದ್ರ ಕೂಸಿಗೆ ಹಾಲು. ನಿನ್ನ ಸಲುವಾಗಿ ಅಲ್ಲ, ಅದರ ಸಲುವಾಗಿ," ಎನ್ನುತ್ತಿದ್ದಳು ಅವ್ವ.

ಹಾಲಿನ ಮಾತು ಬಂದರೆ ನನ್ನ ಬಾಯಿ ಕಟ್ಟುತ್ತಿತ್ತು. ಮಗು ಅತ್ತಾಗಲೆಲ್ಲ ಇಬ್ಬರೂ ನನ್ನ ತಟ್ಟೆಯ ಕಡೆ ನೋಡುತ್ತಿದ್ದರು. ಹಾಲು ಬತ್ತಿಹೋದರೆ ಎಂಬ ಹೆದರಿಕೆ ನನಗೂ ಹತ್ತಿತ್ತು. ಆ ಹೆದರಿಕೆಯನ್ನೇ ಅವರು ತುತ್ತಿನ ಜೊತೆ ಕಲಸಿ ನನ್ನ ಬಾಯಿಗೆ ಇಡುತ್ತಿದ್ದರು, ನಾನು ನುಂಗುತ್ತಿದ್ದೆ.

ಆ ಕೋಣೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದೆ, ಫ್ಯಾನ್ ಹಾಕುವಂತಿಲ್ಲ, ನನ್ನ ಮೈಮೇಲೆ ಸ್ವೆಟರು. ಮಂಚದ ಕೆಳಗೆ ಸಾಂಬ್ರಾಣಿ ಕೆಂಡ. ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿದ್ದರು, ಅದರೊಳಗೆ ಬೆವರು ಹರಿದು ಚರ್ಮ ಬೆಂದುಹೋಗಿತ್ತು. ಸೋರಿದ ಹಾಲು ರವಿಕೆಯಲ್ಲಿ ಹುಳಿಯಾಗಿ ನಾರುತ್ತಿತ್ತು. ನನ್ನ ಬೆವರಿಗೆ ಬೆಳ್ಳುಳ್ಳಿ ವಾಸನೆ, ಮೂತ್ರಕ್ಕೆ ಮೆಂತ್ಯದ ವಾಸನೆ. ತಟ್ಟೆಯ ಅಂಚಿನಲ್ಲಿ ತುಪ್ಪ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತಿತ್ತು. ನಾಲಿಗೆಯ ಮೇಲೂ ಅದೇ ಪದರ, ಎಷ್ಟು ಕೆರೆದರೂ ಹೋಗುತ್ತಿರಲಿಲ್ಲ. ಒಂದು ಲೋಟ ತಣ್ಣನೆ ನೀರಿಗಾಗಿ ನಾನು ಯಾರ ಕಾಲಾದರೂ ಹಿಡಿಯುತ್ತಿದ್ದೆ. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದಂತೆ. ಉಗುರುಬೆಚ್ಚಗಿನ ನೀರು, ಅದೂ ಚಿಕ್ಕ ಲೋಟದಲ್ಲಿ ಸಿಗುತ್ತಿತ್ತು.

ದಿನಾ ಬೆಳಗ್ಗೆ ಅರಿಶಿನದ ಅಭಿಷೇಕ. ಅತ್ತೆ ಕೊಂಬು ಕುಟ್ಟಿಸಿ ತಂದಿಟ್ಟ ಅರಿಶಿನ, ಅಂಗಡಿಯದಲ್ಲ. ಹರಳೆಣ್ಣೆಗೆ ಕಲಸಿ ತಲೆಯಿಂದ ಕಾಲಿನವರೆಗೆ ತಿಕ್ಕುತ್ತಿದ್ದರು, ಸುಡು ನೀರು ಹೊಯ್ಯುತ್ತಿದ್ದರು, ಮೈ ಒರೆಸಿದ ಮೇಲೆ ಮುಖಕ್ಕೂ ಕೈಕಾಲಿಗೂ ಇನ್ನೊಮ್ಮೆ ಹಚ್ಚುತ್ತಿದ್ದರು. ಟವೆಲ್, ದಿಂಬು, ಮಗುವಿನ ಟೋಪಿ ಎಲ್ಲವೂ ಹಳದಿ. ನೋಡಲು ಬಂದ ಹೆಂಗಸರಿಗೆ ಇದು ಬಲು ಇಷ್ಟವಾಗುತ್ತಿತ್ತು. ಬಾಗಿಲಲ್ಲೇ ನಿಂತು, ಮೂಗಿಗೆ ಸೆರಗು ಹಿಡಿದು, ಬಾಣಂತಿ ಕಳೆ ಚೆನ್ನಾಗಿ ಬಂದಿದೆ ಎಂದು ಹೇಳಿ ಹೋಗುತ್ತಿದ್ದರು.

ಮೊದಲ ಸಲ ನೋವು ಬಂದದ್ದು ಒಂದು ಮಧ್ಯಾಹ್ನ, ಊಟವಾದ ಸ್ವಲ್ಪ ಹೊತ್ತಿಗೆ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆಬಟ್ಟೆ ಹಿಂಡಿದ ಹಾಗೆ ಹಿಂಡಿತು, ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ ಹೋಯಿತು. ಹೆರಿಗೆ ನೋವನ್ನು ಸಹಿಸಿದವಳು ನಾನು. ಅದಕ್ಕಾದರೂ ನಡುವೆ ಬಿಡುವಿತ್ತು, ಇದಕ್ಕೆ ಇರಲಿಲ್ಲ. ಮಂಚದಿಂದ ಇಳಿದು ನೆಲದ ಮೇಲೆ ಮಂಡಿಯೂರಿ ಕೂತೆ. ತಿಂದದ್ದೆಲ್ಲ ವಾಂತಿಯಾಯಿತು. ಬೇಸಿನ್ನಿನಲ್ಲಿ ತುಪ್ಪ ತೇಲುತ್ತಿದ್ದುದನ್ನು ನೋಡಿ ಇನ್ನೊಮ್ಮೆ ವಾಂತಿಯಾಯಿತು.

ಹುರಿಯುವುದರಿಂದ ಹಿಡಿದು ಕಟ್ಟುವವರೆಗೆ ಯಾವುದರಲ್ಲೂ ಒಪ್ಪದ ಇಬ್ಬರು ಹೆಂಗಸರು ಆವತ್ತು ಮೊದಲ ಬಾರಿಗೆ ಒಪ್ಪಿದರು.

"ವಾಯು," ಅಂದರು ಅತ್ತೆ.

"ವಾಯುನ ಅದು. ಮೈ ಹಸಿ ಐತಲ್ಲ, ಸೇರಿಕೊಂಡೈತಿ," ಅಂದಳು ಅವ್ವ.

ವಾಯುವಿಗೆ ಮದ್ದು ಏನು? ಇಂಗು, ಬೆಳ್ಳುಳ್ಳಿ, ಓಮ. ಅವನ್ನು ಯಾವುದರಲ್ಲಿ ಕೊಡಬೇಕು? ಬಿಸಿ ತುಪ್ಪದಲ್ಲಿ. ಅತ್ತೆ ಮೂಗು ಹಿಡಿದು ಕುಡಿಸಿದರು, ಅವ್ವ ಹೊಟ್ಟೆಯ ಸೀರೆಯನ್ನು ಇನ್ನೂ ಬಿಗಿ ಮಾಡಿದಳು. ಸಂಜೆಯ ಹೊತ್ತಿಗೆ ನೋವು ತಾನಾಗಿಯೇ ಇಳಿಯಿತು, ಹೆಸರು ಇಂಗಿಗೆ ಬಂತು. ಮುಂದೆ ನೋವು ಬಂದಾಗಲೆಲ್ಲ ಇದೇ ಚಿಕಿತ್ಸೆ ನಡೆಯಿತು. ಲೋಕೇಶ ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತಂದುಕೊಟ್ಟ. ಡಾಕ್ಟರ್ ಹತ್ತಿರ ಹೋಗೋಣ ಎಂದರೆ, "ಅಮ್ಮಂಗೆ ಒಂದ್ಮಾತು ಕೇಳ್ತೀನಿ ಇರು," ಎಂದ. ಅಮ್ಮ, ಬಾಣಂತಿಯನ್ನು ಬಿಸಿಲಿಗೆ ಗಾಳಿಗೆ ತೆಗೆಯಬಾರದು ಅಂದರು. ಅಲ್ಲಿಗೆ ಮಾತು ಮುಗಿಯಿತು.

ತಿಂದ ಮೇಲೆಯೇ ನೋವು ಬರುತ್ತದೆ ಎಂದು ನನಗೆ ಗೊತ್ತಾಗಿತ್ತು. ಹೇಳಿದೆ ಕೂಡ.

"ಅತ್ತೆ, ತುಪ್ಪ ತಿಂದ್ರೇ ನೋವು ಬರೋದು. ಎರಡು ದಿನ ಬರೀ ಅನ್ನ ಸಾರು ಕೊಡಿ, ನೋಡೋಣ."

"ಬರೀ ಅನ್ನ ಉಂಡ್ರೆ ಸೊಂಟ ಇಡಿಯಲ್ಲ ಕಣಮ್ಮಾ. ನಾನು ಮೂರು ಎತ್ತಿಲ್ವಾ? ತುಪ್ಪ ತಿಂದು ಯಾರ್ಗಾದ್ರೂ ನೋವು ಬಂದದ್ದ?"

ಅವ್ವನ ಮುಖ ನೋಡಿದೆ. ಅತ್ತೆಯ ಮಾತನ್ನು ತುಂಡರಿಸುವ ಅವಕಾಶಕ್ಕೆ ಸದಾ ಕಾಯುತ್ತಿದ್ದ ಅವ್ವ ಆಗ ಮಾತ್ರ ಹೌದೆಂದು ತಲೆಯಾಡಿಸಿದಳು.

ಆಮೇಲೆ ತುರಿಕೆ ಬಂತು. ಅಂಗೈ, ಅಂಗಾಲು, ಬೆನ್ನು, ಎಲ್ಲೆಲ್ಲೂ ತುರಿಕೆ. ಉಗುರಿನಲ್ಲಿ ಕೆರೆದು ರಕ್ತ ಬಂದರೂ ನಿಲ್ಲುತ್ತಿರಲಿಲ್ಲ. ಉಷ್ಣ ಅಂದರು, ಹರಳೆಣ್ಣೆ ಹೆಚ್ಚು ಮಾಡಿದರು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನೀರೇ ಕುಡಿಯದವಳಿಗೆ ಇನ್ಯಾವ ಬಣ್ಣ ಬರಬೇಕು ಎಂದು ನಾನೇ ಅಂದುಕೊಂಡೆ. ಮಲ ಬೂದಿ ಬಣ್ಣಕ್ಕೆ ತಿರುಗಿತು. ನಾಚಿಕೆ ಬಿಟ್ಟು ಅವ್ವನಿಗೆ ಹೇಳಿದೆ. ಅವ್ವ ಯೋಚಿಸಿ, "ದಿನಾ ಹಾಲು ಕುಡೀತಿ ಅಲ್ಲ, ಅದಕ ಬೆಳ್ಳಗ ಆಗಿರತೈತಿ," ಅಂದಳು. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇತ್ತು. ಬಾಣಂತನ ಎಂಬುದು ನನ್ನ ಕಾಯಿಲೆಗೆ ಹೇಳಿ ಮಾಡಿಸಿದ ಮರೆಯಾಗಿತ್ತು.

ಈಗ ನೆನೆದರೆ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಹುಟ್ಟಿದ ಮಗುವಿಗೆ ಕಾಮಾಲೆ ಬರಬಹುದು, ನೋಡಿಕೊಳ್ಳಿ ಎಂದು ಹೆರಿಗೆ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅದನ್ನು ಮಾತ್ರ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. ದಿನಾ ಎಳೆಬಿಸಿಲಿಗೆ ಮಗುವನ್ನು ಮಹಡಿಗೆ ಒಯ್ದು, ಅತ್ತೆ, ಅವ್ವ, ಲೋಕೇಶ ಮೂವರೂ ಸೇರಿ ಅದರ ಕಣ್ಣು, ಹಣೆ, ಅಂಗಾಲು ನೋಡುತ್ತಿದ್ದರು. ಮಗು ಕೆಂಪಗೆ ಗುಂಡುಗುಂಡಾಗಿತ್ತು. ಸಮಾಧಾನದಿಂದ ಕೆಳಗಿಳಿದು, ಕತ್ತಲ ಕೋಣೆಯಲ್ಲಿ ಕೂತ ನನಗೆ ಅರಿಶಿನ ಹಚ್ಚುತ್ತಿದ್ದರು.

ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸುವ ದಿನ ನಾನು ಮೊದಲ ಸಲ ಹೊರಗೆ ಬಂದೆ. ಮೈಯಲ್ಲಿ ಸಣ್ಣಗೆ ಚಳಿ ಇತ್ತು, ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಬಿಟ್ಟು ಹೋಗುತ್ತಿದ್ದರು. ಕಾರಿನಲ್ಲಿ ನಾನು ಮುಂದೆ ಕೂತೆ, ಅತ್ತೆ ಮತ್ತು ಅವ್ವ ಮಗುವನ್ನು ಹಿಡಿದು ಹಿಂದೆ. ಹೆಬ್ಬಾಳದ ಹತ್ತಿರ ಎಂದಿನಂತೆ ಗಾಡಿಗಳು ನಿಂತುಬಿಟ್ಟವು. ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು, ತಡೆಯಲೆಂದು ತಲೆಯ ಮೇಲಿನ ಫಲಕ ಇಳಿಸಿದೆ. ಅದರಲ್ಲಿ ಚಿಕ್ಕ ಕನ್ನಡಿ ಇತ್ತು.

ಕನ್ನಡಿಯಲ್ಲಿದ್ದ ಹೆಂಗಸಿನ ಮುಖ ಹಳದಿ. ಅದು ಗೊತ್ತಿದ್ದದ್ದೇ. ಕಣ್ಣುಗಳೂ ಹಳದಿ. ಕಣ್ಣಿನ ಬಿಳಿಯ ಭಾಗ ಪೂರ್ತಿ, ಮಾಗಿದ ಹಲಸಿನ ತೊಳೆಯ ಹಾಗೆ.

"ಲೋಕೀ, ನನ್ ಕಣ್ಣು ನೋಡು."

ಅವನು ನೋಡಿದ. "ಸ್ನಾನ ಮಾಡ್ಸೋವಾಗ ಅರಿಶಿನ ಒಳಗ್ ಹೋಗಿರುತ್ತೆ ಬಿಡು."

ದುಪಟ್ಟದ ಅಂಚನ್ನು ನೀರಲ್ಲಿ ಒದ್ದೆ ಮಾಡಿ ಕಣ್ಣಿನ ಮೂಲೆಯನ್ನು ಒರೆಸಿದೆ. ಬಟ್ಟೆಗೆ ಹಳದಿ ಹತ್ತಲಿಲ್ಲ. ಇನ್ನೊಮ್ಮೆ ಒರೆಸಿದೆ. ಹಿಂದಿನ ಸೀಟಿನಿಂದ ಅತ್ತೆ, "ಕನ್ನಡಿ ಜಾಸ್ತಿ ನೋಡ್ಬಾರ್ದು, ಕಣ್ಣು ಸೋಲ್ತದೆ," ಅಂದರು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ ಕೋಣೆಯ ಹೊರಗೆ ಕುರ್ಚಿಗಳೆಲ್ಲ ತುಂಬಿದ್ದವು. ಟೋಕನ್ ಹಿಡಿದು ಕೂತವರಲ್ಲಿ ನನ್ನಂತೆ ಕಿವಿಗೆ ಹತ್ತಿ ಇಟ್ಟವರು, ತಲೆಗೆ ಸ್ಕಾರ್ಫ್ ಬಿಗಿದವರು ಬೇಕಾದಷ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಹುಡುಗಿ, ಹೆಚ್ಚೆಂದರೆ ಇಪ್ಪತ್ತೈದರವಳು, ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು. "ಅಕ್ಕಾ, ನಿಮಗೂ ಬೆಳ್ಳುಳ್ಳಿನಾ?"

"ಹೂಂ. ಬೆಳ್ಳುಳ್ಳಿ, ಅಂಟಿನುಂಡೆ, ಎಲ್ಲ."

"ನಾನು ಕಿಟಕಿಯಿಂದ ಎಸ್ದುಬಿಡ್ತೀನಿ ಅಕ್ಕಾ. ಕೆಳಗಡೆ ನಾಯಿ ಇದೆ, ಅದೂ ಮೂಸಿ ನೋಡಿ ಹೋಗುತ್ತೆ."

ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಅವಳ ಹೆಸರು ಕೇಳುವಷ್ಟರಲ್ಲಿ ನಮ್ಮ ಟೋಕನ್ ಕರೆದರು. ಆಕೆ ಎಲ್ಲಿದ್ದರೂ ಚೆನ್ನಾಗಿರಲಿ.

ಡಾಕ್ಟರಮ್ಮ ಮಗುವಿನ ತೂಕ ನೋಡಿದರು, ಚುಚ್ಚುಮದ್ದು ಕೊಟ್ಟರು. ಮಗು ಕಿರುಚಿ ಸುಮ್ಮನಾದ ಮೇಲೆ ನಾನು ನನ್ನ ಕಣ್ಣಿನ ಮಾತು ಎತ್ತಿದೆ. ಡಾಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟರು.

"ಅದು ಅರಿಶ್ನ ಡಾಕ್ಟ್ರೇ. ದಿನಾ ಅಚ್ತೀವಿ. ಮನೇಲೇ ಕುಟ್ಸಿದ್ದು, ಜಲ್ದಿ ಓಗಲ್ಲ."

ಡಾಕ್ಟರಮ್ಮ ಎದ್ದು ಬಂದು ನನ್ನ ಕೆಳರೆಪ್ಪೆ ಎಳೆದು ನೋಡಿದರು. ಮೂತ್ರದ ಬಣ್ಣ ಕೇಳಿದರು, ತುರಿಕೆ ಇದೆಯಾ ಎಂದರು, ಹೊಟ್ಟೆಯ ಬಲಭಾಗ ಒತ್ತಿದರು. ನಾನು ಅಯ್ಯೋ ಎಂದು ಕೂಗಿದೆ. ಕೂಗಿಗೆ ಮಗು ಮತ್ತೆ ಅತ್ತಿತು.

"ಅಮ್ಮಾ, ಅರಿಶಿನ ಕಣ್ಣಿನ ಬಿಳಿಗೆ ಹತ್ತಲ್ಲ," ಅಂದರು ಅತ್ತೆಗೆ. "ಇವರಿಗೆ ಜಾಂಡೀಸ್ ಆಗಿದೆ. ಮೈ ಬೇರೆ ಸುಡ್ತಿದೆ. ಮನೆಗೆ ಹೋಗ್ಬೇಡಿ, ಕೆಳಗಡೆ ಸ್ಕ್ಯಾನ್ ಮಾಡಿಸಿ."

ಸ್ಕ್ಯಾನ್ ಮಾಡುವವರು ಹೊಟ್ಟೆಗೆ ತಣ್ಣನೆಯ ಅಂಟು ಸುರಿದಾಗ ಸುಖವೆನಿಸಿತು. ಅಷ್ಟು ತಣ್ಣಗಿನದು ಯಾವುದೂ ನನ್ನ ಮೈಗೆ ಸೋಕಿ ಬಹಳ ದಿನವಾಗಿತ್ತು. ಪಿತ್ತಕೋಶದ ತುಂಬ ಕಲ್ಲುಗಳು, ಒಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಕಾಮಾಲೆ, ಅದಕ್ಕೇ ಜ್ವರ. ಇವತ್ತೇ ಸೇರಬೇಕು, ಕಲ್ಲು ತೆಗೆಯಬೇಕು, ಆಮೇಲೆ ಪಿತ್ತಕೋಶವನ್ನೂ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಹೊಟ್ಟೆಯ ಡಾಕ್ಟರು ಬಿಡಿಸಿ ಹೇಳಿದರು. ತುಪ್ಪದಿಂದ ಕಲ್ಲಾಗಿದ್ದಲ್ಲ, ಬಸಿರಿನಲ್ಲೇ ಆಗಿರಬಹುದು, ಜಿಡ್ಡು ತಿಂದಾಗಲೆಲ್ಲ ಪಿತ್ತಕೋಶ ಹಿಂಡಿಕೊಂಡು ನೋವು ಬರುತ್ತಿತ್ತು ಎಂದೂ ಅಂದರು. ನ್ಯಾಯವಾಗಿ ಹೇಳಬೇಕಾದ ಮಾತು, ಹೇಳಿದ್ದೇನೆ.

ಡಾಕ್ಟರು ಆಚೆ ಹೋದದ್ದೇ ತಡ, ಕಾರಿಡಾರಿನಲ್ಲಿ ಪಂಚಾಯಿತಿ ಶುರುವಾಯಿತು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗೋಡೆಯ ಪಕ್ಕ ನಿಲ್ಲಿಸಿದ್ದರು.

"ಹಸಿ ಮೈಗೆ ಕತ್ತಿ ಆಕ್ತಾರಾ ಯಾರಾದ್ರೂ?" ಅಂದರು ಅತ್ತೆ. "ದೊಡ್ಡಬಳ್ಳಾಪುರದ ರೋಡಲ್ಲಿ ಕಾಮಾಲೆಗೆ ಸೊಪ್ಪು ಕೊಡೋರು ಅವ್ರೆ. ಕೈಗೆ ಒಂದು ಬರೆ ಆಕ್ತಾರೆ, ಮೂರು ದಿನ ಪಥ್ಯ, ಇಳ್ದೋಯ್ತದೆ. ಆಪ್ರೇಷನ್ ಮಾಡಿದ್ರೆ ಆಲು ಬತ್ತೋಯ್ತದೆ ಲೋಕಿ, ಕೂಸಿನ ಗತಿ ಏನು?"

"ನಿಮ್ಮ ಬೆಳ್ಳುಳ್ಳಿ ತುಪ್ಪ ತಿನಿಸಿ ತಿನಿಸಿ ನನ್ನ ಮಗಳಿಗೆ ಈ ಗತಿ ತಂದ್ರಿ," ಅಂದಳು ಅವ್ವ.

"ನಿಮ್ ಅಂಟು ಅಂಟ್ಕೊಂಡಿರೋದು ಕಣ್ರೀ ಒಳಗೆ! ನಮ್ ಬೆಳ್ಳುಳ್ಳಿ ಅಲ್ಲ!"

ಲೋಕೇಶ ಇಬ್ಬರ ನಡುವೆ ನಿಂತು ಫೋನ್ ತೆಗೆದ, ಫೋನ್ ಜೇಬಿಗಿಟ್ಟ. "ಅಮ್ಮ ಹೇಳೋದೂ ಒಂದ್ಸಲ ನೋಡೋಣ್ವಾ?" ಎಂದು ನನ್ನನ್ನು ಕೇಳಿದ. ಅವನ ಮೇಲೆ ನನಗೆ ಆ ಕ್ಷಣ ಬಂದಷ್ಟು ಹೇಸಿಗೆ ಎದುರಿಗೆ ತುಪ್ಪದ ಡಬ್ಬಿ ಇಟ್ಟರೂ ಬರುತ್ತಿರಲಿಲ್ಲ. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಸಾಯುತ್ತೇನೇನೋ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಇವರು ನನ್ನನ್ನು ಎತ್ತಿಕೊಂಡು ಕಾರಿಗೆ ಹಾಕಿಬಿಡುತ್ತಾರೆ ಎಂಬ ಭಯ ಇತ್ತು.

"ನಾನು ಇಲ್ಲೇ ಅಡ್ಮಿಟ್ ಆಗ್ತೀನಿ," ಅಂದೆ. ದನಿ ಜೋರಾಗಿಯೇ ಬಂತು, ಕಾರಿಡಾರಿನಲ್ಲಿದ್ದವರು ತಿರುಗಿ ನೋಡಿದರು. "ಸೊಪ್ಪು ಬೇಕಾದೋರು ಹೋಗಿ ಕುಡ್ಕೊಂಡ್ ಬನ್ನಿ. ಬರೆ ಬೇಕಾದೋರು ಹಾಕಿಸ್ಕೊಂಡ್ ಬನ್ನಿ. ನನ್ನನ್ನ ಮುಟ್ಟಬೇಡಿ."

ಯಾರೂ ಮುಟ್ಟಲಿಲ್ಲ. ನರ್ಸೊಬ್ಬರು ಬಂದು ಕುರ್ಚಿ ತಳ್ಳಿಕೊಂಡು ಹೋದರು.

ಮಂಚದ ತಲೆದೆಸೆಗೆ ಒಂದು ರಟ್ಟು ನೇತುಹಾಕಿದರು: ಬಾಯಿಗೆ ಏನೂ ಕೊಡಬಾರದು. ನಾನು ಓದಿದ ಅತ್ಯಂತ ಸುಂದರವಾದ ಸಾಲು ಅದು. ಆ ರಟ್ಟು ಇರುವಷ್ಟು ಹೊತ್ತು ಯಾವ ಸೊಂಟದ ಹೆಸರಿನಲ್ಲೂ, ಯಾವ ಹಾಲಿನ ಹೆಸರಿನಲ್ಲೂ ನನ್ನ ತುಟಿಯ ಹತ್ತಿರ ಚಮಚ ಬರುವಂತಿಲ್ಲ. ಫ್ಯಾನ್ ತಿರುಗುತ್ತಿತ್ತು. ಕಿವಿಯ ಹತ್ತಿ ತೆಗೆದು ಕಸದ ಬುಟ್ಟಿಗೆ ಹಾಕಿದೆ. ನರ್ಸು ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದಾಗ ಬಕೆಟ್ಟಿನ ನೀರು ಹಳದಿಯಾಯಿತು, ಎರಡನೇ ಬಕೆಟ್ಟೂ ಆಯಿತು. ಹಚ್ಚಿದ ಹಳದಿ ಹೋಗಿ ಒಳಗಿನ ಹಳದಿ ಮಾತ್ರ ಉಳಿದಾಗ ಲೋಕೇಶ ನನ್ನನ್ನು ನೋಡಿ ಅತ್ತುಬಿಟ್ಟ. ಅಳಲಿ ಎಂದು ಬಿಟ್ಟೆ, ಸಮಾಧಾನ ಮಾಡಲು ನನ್ನಲ್ಲಿ ಶಕ್ತಿಯಿರಲಿಲ್ಲ, ಮನಸ್ಸೂ ಇರಲಿಲ್ಲ.

ರಟ್ಟಿಗೂ ಹೆದರದವಳು ಒಬ್ಬಳಿದ್ದಳು. ನರ್ಸು ಆಚೆ ಹೋದ ಹೊತ್ತು ನೋಡಿ ಅವ್ವ ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ತೆಗೆದಳು.

"ಒಂದ ಚೂರು ಬಾಯಾಗ ಹಾಕ್ಕೋ. ಯಾರೂ ನೋಡೂದಿಲ್ಲ. ಖಾಲಿ ಹೊಟ್ಟೀಲೆ ಎಷ್ಟ ಹೊತ್ತ ಇರ್ತಿ?"

ಡಬ್ಬಿಯ ಮುಚ್ಚಳ ತೆಗೆದದ್ದೇ ತುಪ್ಪದ ವಾಸನೆ ಕೋಣೆಯೆಲ್ಲ ಹರಡಿತು. ಖಾಲಿ ಹೊಟ್ಟೆಯಿಂದ ಹಸಿರು ನೀರು ಎದ್ದು ಬಂತು, ಹಾಸಿಗೆಯ ಮೇಲೆಯೇ ವಾಂತಿ ಮಾಡಿದೆ. "ನನ್ನ ಕೊಲ್ಲಾಕ ಬಂದಿಯೇನಬೇ?" ಎಂದು ಕಿರುಚಿದೆ. ಅವ್ವ ಡಬ್ಬಿ ಮುಚ್ಚಿ ಹೊರಗೆ ಹೋದಳು. ಅವಳು ಮೆಟ್ಟಿಲ ಮೇಲೆ ಕೂತು ಆ ಉಂಡಿಗಳನ್ನು ಅಳುತ್ತಾ ತಾನೇ ತಿಂದಳು ಎಂದು ಲೋಕೇಶ ಆಮೇಲೆ ಹೇಳಿದ. ಬೆಳಗ್ಗೆಯಿಂದ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲವಂತೆ. ಅದನ್ನು ಕೇಳಿ ಕರುಳು ಚುರ್ ಎಂದಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು, ಈಗಲೂ ಇವೆ.

ಬಾಯಿಯ ಮೂಲಕ ನಳಿಗೆ ಇಳಿಸಿ ಸಿಕ್ಕಿಕೊಂಡ ಕಲ್ಲು ತೆಗೆದರು. ಜ್ವರ ಬಿಟ್ಟ ಮೇಲೆ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಪಿತ್ತಕೋಶ ತೆಗೆದರು. ಕಲ್ಲುಗಳನ್ನು ಚಿಕ್ಕ ಬಾಟಲಿಯಲ್ಲಿ ಹಾಕಿ ಮನೆಯವರಿಗೆ ತೋರಿಸಿದರಂತೆ. ಹಳದಿ, ಕಂದು, ಮೆಂತ್ಯದ ಕಾಳಿನಷ್ಟಷ್ಟಿದ್ದವು. ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು, "ಮೆಂತ್ಯ ಏನಾದ್ರೂ ಅರಗ್ದೆ ಉಳ್ಕೊಂಡಿತ್ತಾ ಡಾಕ್ಟ್ರೇ?" ಎಂದು ಕೇಳಿದರಂತೆ.

ಇಷ್ಟರಲ್ಲಿ ನನ್ನನ್ನು ತಿನ್ನುತ್ತಿದ್ದುದು ಹಾಲಿನ ಚಿಂತೆ. ಮಗು ಮನೆಯಲ್ಲಿತ್ತು, ಡಬ್ಬಿಯ ಹಾಲು ಕುಡಿಯುತ್ತಿತ್ತು. ನರ್ಸು ಪಂಪ್ ತಂದುಕೊಟ್ಟು, "ಹನಿ ಬಂದ್ರೂ ಸಾಕು, ನಿಲ್ಲಿಸ್ಬೇಡಿ," ಎಂದು ಹೇಳಿದ್ದರು. ಮೊದಲು ಹನಿಯೇ ಬಂತು. ಸೀಸೆಯ ತಳ ಕೂಡ ಮುಚ್ಚಲಿಲ್ಲ. ಆಪರೇಷನ್ ಆದ ಮರುದಿನ ಅದೂ ಇಲ್ಲ. ಅತ್ತೆ ಹೇಳಿದ್ದೇ ನಿಜವಾಯಿತೇ? ನಾನು ಹಟ ಮಾಡಿ ನನ್ನ ಜೀವ ಉಳಿಸಿಕೊಂಡು ಮಗಳ ಬಾಯಿಂದ ಕಿತ್ತುಕೊಂಡೆನೇ? ಡಬ್ಬಿ ಹಾಲಿನಲ್ಲಿ ಬೆಳೆದ ಮಕ್ಕಳು ಚೆನ್ನಾಗಿಯೇ ಇರುತ್ತಾರೆ ಎಂದು ನನಗೆ ಗೊತ್ತು. ಆ ಹೊತ್ತಿನಲ್ಲಿ ಆ ತಿಳಿವಳಿಕೆ ಕೆಲಸಕ್ಕೆ ಬರಲಿಲ್ಲ. ಲೋಕೇಶ ಫೋನಿನಲ್ಲಿ ಮಗುವನ್ನು ತೋರಿಸಿದ. ಬಾಟಲಿಯ ನಿಪ್ಪಲ್ ಕಚ್ಚಿಕೊಂಡು ಕಣ್ಣು ಮುಚ್ಚಿತ್ತು. ಆ ಬಾಟಲಿಯ ಮೇಲೆ ನನಗೆ ಸವತಿಯ ಮೇಲೆ ಬರುವಂಥ ಹೊಟ್ಟೆಕಿಚ್ಚು ಬಂತು.

ರಟ್ಟು ತೆಗೆದ ದಿನ ಅನ್ನದ ಗಂಜಿ ತಿಳಿ ಕೊಟ್ಟರು, ಚಿಟಿಕೆ ಉಪ್ಪು. ಜಿಡ್ಡಿಲ್ಲ, ಒಗ್ಗರಣೆಯಿಲ್ಲ, ವಾಸನೆಯಿಲ್ಲ. ಲೋಟ ಎತ್ತಿ ಕುಡಿದೆ, ಇನ್ನೊಂದು ಲೋಟ ಕೇಳಿದೆ. ನಾನಾಗಿ ಕೇಳಿ ಕುಡಿಯುತ್ತಿದ್ದೇನೆ ಎಂಬುದು ಹೊಳೆದಾಗ ಕಣ್ಣಲ್ಲಿ ನೀರು ಬಂತು. ನೀರು, ಗಂಜಿ, ಮೆತ್ತನೆ ಅನ್ನ. 'ಪೌಷ್ಟಿಕ' ಎಂದು ಯಾರೂ ಕರೆಯದ ಊಟ.

ಮಗುವನ್ನು ಕರೆತರಬಹುದು ಎಂದು ಡಾಕ್ಟರು ಒಪ್ಪಿದ ದಿನ ಇಬ್ಬರು ಅಜ್ಜಿಯರೂ ಬಂದರು. ಅವತ್ತಿನ ಜಗಳದ ನಂತರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅತ್ತೆಯ ಕೈಚೀಲದಲ್ಲಿ ಹಾಲಿನಪುಡಿ ಡಬ್ಬಿ, ಫ್ಲಾಸ್ಕಿನಲ್ಲಿ ಬಿಸಿನೀರು, ಬಾಟಲಿ ಎಲ್ಲ ಸಿದ್ಧವಾಗಿತ್ತು.

"ಬರೀ ಗಂಜಿ ಕುಡ್ದೋಳತ್ರ ಏನ್ ಇರ್ತದೆ? ಕೂಸನ್ನ ಸುಮ್ನೆ ಅಳಿಸ್ಬೇಡ," ಅಂದರು.

ಹೊಲಿಗೆಗೆ ತಾಗದಂತೆ ದಿಂಬು ಅಡ್ಡ ಇಟ್ಟು ಮಗುವನ್ನು ಮಲಗಿಸಿಕೊಂಡೆ. ಮಗು ಮೂಸಿತು, ಮುಖ ಅತ್ತಿತ್ತ ತಿರುಗಿಸಿತು, ಅಳಲು ಬಾಯಿ ತೆರೆಯಿತು. ಅತ್ತೆ ಆಗಲೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಅಷ್ಟರಲ್ಲಿ ಅದು ಕಚ್ಚಿಕೊಂಡಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದೆಯಲ್ಲಿ ಜುಮುಜುಮು ಎಂದಿತು. ಮಗು ಗುಟುಕರಿಸುವ ಸದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ತುಟಿಯ ಅಂಚಿನಿಂದ ಹಾಲು ಕೆನ್ನೆಗೆ ಇಳಿಯಿತು.

ಅತ್ತೆ ಬಗ್ಗಿ ನೋಡಿದರು, ಬೆರಳಿನಿಂದ ಆ ಹಾಲನ್ನು ಒರೆಸಿ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ನೋಡುದ್ರಾ? ನಾವ್ ಸುರ್ದಿದ್ ತುಪ್ಪ ಇನ್ನೂ ಮೈಯಾಗೈತೆ. ಅದೇ ಇಳೀತಿರೋದು."

"ಹೌದ್ರೀ," ಅಂದಳು ಅವ್ವ. "ತಿಂದದ್ದು ಎಲ್ಲಿ ಹೊಕ್ಕೈತಿ?"

ಇಬ್ಬರೂ ಮತ್ತೆ ಒಂದಾದರು. ನನಗೆ ನಗು ಬಂತು, ನಕ್ಕರೆ ಹೊಲಿಗೆ ಕಿತ್ತುಬರುವಷ್ಟು ನೋವು. ಅಳು ಬಂತು, ಅತ್ತರೂ ಅಷ್ಟೇ ನೋವು. ಕಣ್ಣು ಮುಚ್ಚಿ ಮಗುವಿನ ಗುಟುಕುಗಳನ್ನೇ ಕೇಳುತ್ತಾ ಕೂತೆ. ಕೊನೆಗೆ ಅದು ಬಾಯಿ ಬಿಟ್ಟು, ತುಟಿ ಬಿಗಿದು, ಮುಖ ಆ ಕಡೆ ತಿರುಗಿಸಿತು.

"ಇನ್ನೊಂಚೂರು ಕುಡ್ಸಮ್ಮಾ," ಅಂದರು ಅತ್ತೆ, ಮಗುವಿನ ತಲೆಯನ್ನು ಮತ್ತೆ ನನ್ನ ಎದೆಗೆ ಒತ್ತಲು ಕೈ ಚಾಚುತ್ತಾ. "ಬಾಯ್ಗಿಡು, ಕುಡೀತದೆ."

ನಾನು ಅವರ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ.

"ಅವಳಿಗೆ ಸಾಕಂತೆ ಅತ್ತೆ," ಅಂದೆ.